ಎಲ್ಲಕ್ಕೂ ನೈಂಟಿ

ಹದಿನೈದು ವರ್ಷ ದಾಟಿದ ಬೊಲೆರೋವನ್ನೋ ಕ್ವಾಲಿಸನ್ನೋ ಗೌರಿಬಿದನೂರು–ಚಿಕ್ಕಬಳ್ಳಾಪುರ ರಸ್ತೆಯ ಯಾವುದಾದರೊಂದು ಶೆಡ್ಡಿನ ಮುಂದೆ ನಿಲ್ಲಿಸಿ, ಗೇರ್‌ಬಾಕ್ಸಿಗೆ ಯಾವ ಆಯಿಲ್ ಎಂದು ಕೇಳಿ ನೋಡಬೇಕು. ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ‘ನೈಂಟಿ ಹಾಕ್ಸಣ್ಣ.’ ಹಿಂದಿನ ಅಚ್ಚಿನ ಹೌಸಿಂಗಿಗೆ? ‘ಅದಕ್ಕೂ ನೈಂಟೀನೇ.’ ಫೋರ್ ವೀಲ್ ಗಾಡಿಯಾದರೆ ಟ್ರಾನ್ಸ್‌ಫರ್ ಕೇಸಿಗೂ ಮುಂದಿನ ಹೌಸಿಂಗಿಗೂ ಅದೇ. (ಸಂಜೆ ಕವಿದ ಮೇಲೆ ಈ ಮಾತಿಗೆ ಇದೇ ರಸ್ತೆಯ ಮಂಚೇನಹಳ್ಳಿಯಲ್ಲೂ ಬೇರೆ ಅರ್ಥ ಉಂಟು, ಅದರ ಲೆಕ್ಕ ಮಿಲಿಲೀಟರಿನದು.) ಮೆಕ್ಯಾನಿಕ್ಕನಿಗೆ ಗೊತ್ತಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾನೆ ಎಂದು ಈ ಉತ್ತರವನ್ನು ತಳ್ಳಿಹಾಕುವುದು ಸುಲಭ. ಆದರೆ ಅದು ಹಿಂದುಮುಂದಿಲ್ಲದೆ ಹುಟ್ಟಿದ ಮಾತಲ್ಲ. ಒಂದು ಕಾಲಕ್ಕೆ ಅದು ಪೂರ್ತಿ ಸರಿಯಾಗಿತ್ತು. ಹಾಗೆಂದು ಮೊದಲು ಬರೆದುಕೊಟ್ಟವರು ಅಮೆರಿಕದ ಸೇನೆಯವರು. ಆಮೇಲೆ ಡಬ್ಬಿಯೊಳಗಿನ ಎಣ್ಣೆ ಬದಲಾಯಿತು, ಡಬ್ಬಿಯ ಮೇಲಿನ ಅಂಕಿ ಬದಲಾಗಲಿಲ್ಲ.

ಮಂಚೇನಹಳ್ಳಿ ಈಗ ತಾಲ್ಲೂಕು. ಮೊನ್ನೆ ಮೊನ್ನೆಯವರೆಗೆ ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿತ್ತು. 2007ಕ್ಕೆ ಮೊದಲು ಈ ಸೀಮೆಯೆಲ್ಲ ಕೋಲಾರ ಜಿಲ್ಲೆಗೆ ಸೇರಿತ್ತು. ತಿರುಗುವ ಚಕ್ರಕ್ಕೆ ಯಾವ ಎಣ್ಣೆ ಎಂಬ ಪ್ರಶ್ನೆ ಇಲ್ಲಿ ಜೀಪಿಗಿಂತ ಬಹಳ ಹಳೆಯದು, ಅದರ ಉತ್ತರವೂ ಹೊಲದಲ್ಲೇ ಬೆಳೆಯುತ್ತಿತ್ತು. ರಾಗಿ, ಕಡಲೆಕಾಯಿ ಹೊಲಗಳ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಜೋಳದ ಜೊತೆಗೆ ಹರಳು ನಿಲ್ಲುತ್ತಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರವನ್ನೂ ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಹರಳಿನ ಬೇಸಾಯವೂ ಅದರ ಎಣ್ಣೆ ತೆಗೆಯುವ ಬಗೆಯೂ ದಾಖಲಾಗಿವೆ. ಬೀಜ ಹುರಿದು, ಕುಟ್ಟಿ, ನೀರಿಗೆ ಹಾಕಿ ಕುದಿಸುವುದು. ಮೇಲೆ ತೇಲಿದ ಎಣ್ಣೆಯನ್ನು ಎತ್ತಿಕೊಂಡು ನೀರಿನ ಪಸೆ ಆರುವವರೆಗೆ ಮತ್ತೆ ಕಾಯಿಸುವುದು. ಗಾಣದ ಹಂಗಿಲ್ಲದ ಈ ಕೆಲಸ ಮೊನ್ನೆಯ ತಲೆಮಾರಿನವರೆಗೂ ಮನೆಯ ಹಿತ್ತಲಲ್ಲೇ ನಡೆಯುತ್ತಿತ್ತು. ದೀಪಕ್ಕೆ, ನೆತ್ತಿಗೆ, ಹೊಟ್ಟೆಗೆ, ದನದ ಮದ್ದಿಗೆ, ಗಾಡಿಗೆ ಎಲ್ಲಕ್ಕೂ ಒಂದೇ ಎಣ್ಣೆ.

ಗಾಡಿಗೆ ಮಾತ್ರ ಅದನ್ನು ಹಾಗೇ ಬಳಸುತ್ತಿರಲಿಲ್ಲ. ಬರಿಯ ಹರಳೆಣ್ಣೆ ಅಚ್ಚಿನ ಮೇಲೆ ನಿಲ್ಲದೆ ಸೋರಿಹೋಗುತ್ತದೆ. ಹುಲ್ಲು ಸುಟ್ಟ ಕರಿಯನ್ನು ಅದರಲ್ಲಿ ಕಲಸಿ ಮಂದ ಮಾಡಿದರೆ ಕೀಲೆಣ್ಣೆ. ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಅದು ಸದಾ ನೇತಾಡುತ್ತಿರಬೇಕು. ಚಕ್ರ ಕಿರುಗುಟ್ಟಲು ಶುರುವಾದರೆ ಗಾಡಿ ನಿಲ್ಲಿಸಿ, ಮಗ್ಗುಲಿಗೆ ಆನಿಕೆ ಕೊಟ್ಟು, ಕಡಾಣಿ ಕಿತ್ತು, ಚಕ್ರವನ್ನು ಗೇಣುದ್ದ ಹೊರಗೆಳೆದು, ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಅಚ್ಚಿಗೆ ಬಳಿದು ಮತ್ತೆ ಒಳತಳ್ಳುವುದು. ಇದರ ಕರೆ ಪಂಚೆಗೆ ತಗುಲಿದರೆ ಪಂಚೆ ಹರಿಯುವವರೆಗೂ ಹೋಗದು. ಇಂದಿನ ಎಂಜಿನಿಯರ್ ಈ ಮಿಶ್ರಣವನ್ನು ನೋಡಿ ತಲೆಯಾಡಿಸಬಹುದು: ಲೋಹಕ್ಕೆ ಅಂಟುವ ಗುಣದ ಎಣ್ಣೆ, ಎಣ್ಣೆಯನ್ನು ಹಿಡಿದಿಡುವ ಮಸಿ. ನಿಧಾನವಾಗಿ ತಿರುಗುವ, ಭಾರ ಹೊತ್ತ ಅಚ್ಚಿಗೆ ಬೇಕಾದದ್ದು ಅಷ್ಟೇ.

ಹರಳೆಣ್ಣೆಯ ಅಂಟು ಬರಿಯ ಹಳ್ಳಿಯ ನಂಬಿಕೆಯಾಗಿ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ರೈಲುಗಳು ದೀಪಕ್ಕೂ ಕೀಲಿಗೂ ಇದನ್ನೇ ನಂಬಿದ್ದವು; 1889ರಿಂದ 1893ರ ನಡುವೆ ಬಂದ ಜಾರ್ಜ್ ವಾಟ್‌ನ ಆರ್ಥಿಕ ಉತ್ಪನ್ನಗಳ ನಿಘಂಟಿನಲ್ಲಿ ಹರಳಿಗೆ ದೊಡ್ಡ ಜಾಗವೇ ಸಿಕ್ಕಿದೆ. ಲಂಡನ್ನಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಆಯಿಲ್ ಮಾರತೊಡಗಿದಾಗ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಹರಳಿನ ಇಂಗ್ಲಿಷ್ ಹೆಸರಿನಿಂದಲೇ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಹರಳೆಣ್ಣೆ ಬಿಟ್ಟರೆ ಓಡುತ್ತಿರಲಿಲ್ಲ. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಎಣ್ಣೆ ಅದೊಂದೇ ಕೈಗೆ ಸಿಗುವಂತಿತ್ತು. ಕೊನೆಗೆ ಅದು ಹಿಂದೆ ಸರಿದದ್ದು ಎರಡು ಕಾರಣಕ್ಕೆ. ಕಾದಷ್ಟೂ ಅಂಟಂಟಾಗಿ ಗೋಂದಿನಂತೆ ಕೂರುತ್ತದೆ, ಜೊತೆಗೆ ನೆಲದಿಂದ ಎತ್ತಿದ ಖನಿಜ ಎಣ್ಣೆ ಅದಕ್ಕಿಂತ ಅಗ್ಗ.

ಮರದ ಗಾಡಿ ಮಾತ್ರ ಇನ್ನೂ ಬಹಳ ಕಾಲ ಉಳಿಯಿತು. ಟಯರು, ಬೇರಿಂಗುಗಳ ಡನ್ಲಪ್ ಗಾಡಿ ಬಂದಮೇಲೆ ಕೀಲೆಣ್ಣೆಯ ಗೊಟ್ಟ ಮೂಲೆ ಸೇರಿತು, ಗ್ರೀಸ್ ಡಬ್ಬಿ ಬಂತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನೇ ಕೈಗೆತ್ತಿಕೊಂಡು, ಹಳೆಯ ಅಚ್ಚು–ಗುಂಭಗಳ ಘರ್ಷಣೆಗೆ ಎತ್ತಿನ ಶಕ್ತಿ ಸುಮ್ಮನೆ ಪೋಲಾಗುತ್ತಿದೆ ಎಂದು ಊರೂರಿಗೆ ಹೇಳಿದರು. ಮ್ಯಾನೇಜ್‌ಮೆಂಟ್ ಶಾಲೆಯ ಮುಖ್ಯಸ್ಥರು ಗಾಡಿಯ ಕೀಲಿನ ಬಗ್ಗೆ ಯೋಚಿಸಿದ್ದು ಆಗ ಕೆಲವರಿಗೆ ತಮಾಷೆಯಾಗಿ ಕಂಡಿತ್ತು.

ಇನ್ನು ಜೀಪಿನ ಕಥೆ. 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ 84ನೇ ಏರ್ ಡಿಪೋ ಆಯಿತು. ಅಮೆರಿಕನ್ನರ ಜೊತೆ ವಿಲ್ಲಿಸ್ ಜೀಪುಗಳೂ ಈ ಸೀಮೆಗೆ ಬಂದವು. ಜೀಪಿನ ಹೌಸಿಂಗುಗಳೊಳಗೆ ಇದ್ದದ್ದು ಶಾಫ್ಟಿನ ತಿರುಗನ್ನು ಚಕ್ರದ ಅಚ್ಚಿಗೆ ದಾಟಿಸುವ, ಹೈಪಾಯ್ಡ್ ಹಲ್ಲಿನ ಕ್ರೌನ್–ಪಿನಿಯನ್. ಅಮೆರಿಕದ ಪ್ಯಾಕರ್ಡ್ ಕಂಪನಿ 1926ರಲ್ಲಿ ಕಾರಿಗೆ ಮೊದಲು ಅಳವಡಿಸಿದ ಈ ಬಗೆಯಲ್ಲಿ ಪಿನಿಯನ್ನು ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಶಾಫ್ಟು ತಗ್ಗುತ್ತದೆ, ಹಲ್ಲು ಗಟ್ಟಿಯಾಗುತ್ತದೆ, ಸದ್ದು ಇಳಿಯುತ್ತದೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವ ಜೊತೆಗೆ ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ನಡುವಿನ ಎಣ್ಣೆಯ ಪೊರೆ ಹರಿದುಹೋಗಿ ಲೋಹಕ್ಕೆ ಲೋಹ ತಗುಲುತ್ತದೆ. ಎಷ್ಟೇ ಮಂದದ ಎಣ್ಣೆ ಹಾಕಿದರೂ ಇದು ತಪ್ಪದು.

ಪರಿಹಾರ ಸಿಕ್ಕಿದ್ದು ಗಂಧಕದಲ್ಲಿ. ಎಣ್ಣೆಗೆ ಗಂಧಕದ ಸಂಯುಕ್ತ ಬೆರೆಸಿದರೆ, ಹಲ್ಲು ಉಜ್ಜಿ ಬಿಸಿಯಾದ ಜಾಗದಲ್ಲಿ ಅದು ಕಬ್ಬಿಣದೊಂದಿಗೆ ಸೇರಿ ತೆಳ್ಳನೆಯ ಪದರ ಕಟ್ಟುತ್ತದೆ; ಸವೆಯುವುದು ಆ ಪದರ, ಹಲ್ಲು ಉಳಿಯುತ್ತದೆ. ಮೊದಮೊದಲು ಸೀಸ, ಕ್ಲೋರಿನ್ನುಗಳೂ ಜೊತೆಗಿದ್ದವು, ಆಮೇಲೆ ರಂಜಕ ಸೇರಿತು. ಗೇರ್ ಆಯಿಲ್ ಡಬ್ಬಿ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಇದರದೇ. ಡಬ್ಬಿಗಳ ಮೇಲಿನ ‘ಇಪಿ 90’ರಲ್ಲಿ ಇಪಿ ಎಂದರೆ ಇಂಥ ವಿಪರೀತ ಒತ್ತಡ ತಾಳುವ ಎಣ್ಣೆ ಎಂದರ್ಥ.

ಯುದ್ಧಭೂಮಿಯಲ್ಲಿ ಹತ್ತು ಬಗೆಯ ಡಬ್ಬಿ ಹೊತ್ತು ತಿರುಗಲು ಯಾವ ಸೇನೆಗೂ ಆಗದು. ಅಮೆರಿಕದ ಸೇನೆ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಹೌಸಿಂಗು ಮೂರಕ್ಕೂ ಸಲ್ಲುವ ಒಂದೇ ‘ಯೂನಿವರ್ಸಲ್’ ಗೇರ್ ಎಣ್ಣೆಯನ್ನು ನಿಗದಿ ಮಾಡಿತು. ಎಣ್ಣೆ ಹಾಕುವ ಆದೇಶಪತ್ರದಲ್ಲಿ ಬರೆದದ್ದು ಇಷ್ಟೇ: ನೀರು ಹೆಪ್ಪುಗಟ್ಟುವಷ್ಟು ಚಳಿಗಿಂತ ಮೇಲಾದರೆ 90, ಕೆಳಗಾದರೆ 80. ನಂದಿ ಬೆಟ್ಟದ ಸುತ್ತಿನ ಸೀಮೆಯಲ್ಲಿ ಅಷ್ಟು ಚಳಿ ಯಾವ ಧನುರ್ಮಾಸದಲ್ಲೂ ಬೀಳದು. ಹೀಗಾಗಿ ಇಲ್ಲಿಗೆ ಉಳಿದದ್ದು 90 ಒಂದೇ. ‘ಎಲ್ಲಕ್ಕೂ ನೈಂಟಿ’ಯ ಮೂಲ ಇಲ್ಲಿದೆ.

ಯುದ್ಧ ಮುಗಿದ ಮೇಲೆ ಮಹೀಂದ್ರದವರು ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ ಬ್ಲಾಕುಗಳು ಹುಟ್ಟಿದ ಮೇಲೆ ಬ್ಲಾಕ್ ಅಭಿವೃದ್ಧಿ ಅಧಿಕಾರಿಯ ಜೀಪು ಹಳ್ಳಿಗಳ ಕಣ್ಣಿಗೆ ಸರ್ಕಾರದ ಗುರುತೇ ಆಯಿತು. ಅದರ ಫಸ್ಟ್ ಗೇರಿಗೆ ಹಲ್ಲುಗಳ ವೇಗ ಸಮ ಮಾಡುವ ಸಿಂಕ್ರೋ ಇರಲಿಲ್ಲ; ಗಾಡಿ ನಿಂತ ಮೇಲೆಯೇ ಹಾಕಬೇಕು, ಇಲ್ಲದಿದ್ದರೆ ಗರಗರ ಸದ್ದು ಮಾಡಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ಸರ್ಕಾರಿ ವರ್ಕ್‌ಶಾಪುಗಳಲ್ಲಿ ಕೆಲಸ ಕಲಿತವರು ಹೊರಬಂದು ಶೆಡ್ಡು ಹಾಕಿದರು, ಅವರ ಕೈಕೆಳಗೆ ಹುಡುಗರು ಕಲಿತರು. ಜೀಪಿನ ಪಾಠ ಹೀಗೆ ಬಾಯಿಂದ ಬಾಯಿಗೆ, ಕನ್ನಡದಲ್ಲೂ ತೆಲುಗಿನಲ್ಲೂ ಇಳಿಯಿತು. ಎಣ್ಣೆ ಮಾರುವವರು ಮಾತ್ರ ಬದಲಾಗುತ್ತ ಹೋದರು. ಇಂಡಿಯನ್ ಆಯಿಲ್ 1972ರಲ್ಲಿ ಸರ್ವೋ ಬ್ರಾಂಡನ್ನು ತಂದಿತು. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಪಾಲಾದವು. ಬಂಕಿನ ಬೋರ್ಡು ಯಾವುದಾದರೇನು, ಕೇಳುವುದು ನೈಂಟಿಯನ್ನೇ.

ಆಮೇಲಿನ ದಶಕಗಳಲ್ಲಿ ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆ ಗೂಡು, ಚಿಕ್ಕಬಳ್ಳಾಪುರದ ಹೂವು–ದ್ರಾಕ್ಷಿ, ಸಂತೆಗೆ ಹೋಗುವ ಜನ ಎಲ್ಲವನ್ನೂ ಹೊತ್ತದ್ದು ಮಾರ್ಷಲ್, ಕಮಾಂಡರ್, ಟ್ರಾಕ್ಸುಗಳು. ಬಾನೆಟ್ಟಿನ ಮಗ್ಗುಲಲ್ಲೂ ಒಬ್ಬ ಕೂತಿರುತ್ತಿದ್ದ. ಆ ಭಾರಕ್ಕೆ ಮೊದಲು ಕೂಗಿಡುತ್ತಿದ್ದದ್ದು ಹಿಂದಿನ ಹೌಸಿಂಗು.

ಇಷ್ಟು ಹೊತ್ತಿಗೆ ಅತ್ತ ಅಮೆರಿಕದಲ್ಲಿ ಒಂದು ಸದ್ದಿಲ್ಲದ ಬದಲಾವಣೆ ಆಗಿಹೋಗಿತ್ತು. ಯುದ್ಧಕಾಲದ ಯೂನಿವರ್ಸಲ್ ಎಣ್ಣೆ ಆಮೇಲೆ ಮಿಲ್-ಎಲ್-2105 ಎಂಬ ಸೇನಾ ಮಾನಕವಾಗಿತ್ತು. ಕಾರುಗಳ ವೇಗ, ಎಂಜಿನ್ನಿನ ಬಲ ಏರಿದಂತೆ ಕ್ರೌನ್ ಹಲ್ಲುಗಳಿಗೆ ಆ ಎಣ್ಣೆ ಸಾಲದಾಯಿತು. 1962ರಲ್ಲಿ ಬಂದ 2105ಬಿ ಹೆಚ್ಚು ಖಾರದ್ದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಮಾಡಿದ ವರ್ಗೀಕರಣದಲ್ಲಿ ಮೊದಲಿನದು ಸುಮಾರಾಗಿ ಜಿಎಲ್-4, ಎರಡನೆಯದು ಜಿಎಲ್-5. ಇಪಿ ಸಂಯುಕ್ತಗಳು ಜಿಎಲ್-5ರಲ್ಲಿ ಜಿಎಲ್-4ರ ಸರಿಸುಮಾರು ಇಮ್ಮಡಿ. ಎರಡೂ 90ರ ಮಂದದಲ್ಲೇ ಸಿಗುತ್ತವೆ. ಅಂದರೆ ಒಂದೇ ನೈಂಟಿ ಎರಡಾಗಿ ಒಡೆಯಿತು, ಕೌಂಟರಿನಲ್ಲಿ ಕೇಳುವವರಿಗೆ ಮಾತ್ರ ಅದು ಒಂದೇ ಆಗಿ ಉಳಿಯಿತು.

ಇದರಿಂದ ಕೆಡುವುದೇನು? ಗೇರ್‌ಬಾಕ್ಸಿನ ಸಿಂಕ್ರೋ ರಿಂಗುಗಳು ಹೆಚ್ಚಾಗಿ ಹಿತ್ತಾಳೆಯವು. ಗೇರು ಬದಲಿಸುವ ಆ ಚಣದಲ್ಲಿ ರಿಂಗು ಗೇರಿನ ಕೋನಾಕಾರದ ಮೈಯನ್ನು ಕಚ್ಚಿ ಹಿಡಿದು, ಎರಡರ ವೇಗವನ್ನೂ ಸಮ ಮಾಡಿ, ಆಮೇಲೆ ಹಲ್ಲಿಗೆ ಹಲ್ಲು ಕೂರಲು ಬಿಡಬೇಕು. ಕಬ್ಬಿಣವನ್ನು ಕಾಯುವ ಗಂಧಕ ಹಿತ್ತಾಳೆಯೊಳಗಿನ ತಾಮ್ರವನ್ನು ತಿನ್ನುತ್ತದೆ. ಬಿಸಿ ಏರಿದಷ್ಟೂ ಹೆಚ್ಚು. ತಿನ್ನದಂತೆ ತಯಾರಿಸಿದ ಎಣ್ಣೆಯಲ್ಲೂ ಇನ್ನೊಂದು ತೊಡಕಿದೆ. ಕಚ್ಚಬೇಕಾದ ಜಾಗದಲ್ಲಿ ವಿಪರೀತ ಜಾರಿಕೆ ಇದ್ದರೆ ರಿಂಗು ಹಿಡಿಯದು, ಗೇರು ಉಜ್ಜುತ್ತದೆ. ಬೆಳಗಿನ ಹೊತ್ತು ಸೆಕೆಂಡ್ ಗೇರ್ ಬೀಳುವುದಿಲ್ಲ ಎಂಬ ದೂರಿನೊಂದಿಗೆ ಬರುವ ಗಾಡಿಗಳಲ್ಲಿ ಕ್ಲಚ್ ಬಿಚ್ಚುವ ಮೊದಲು ಎಣ್ಣೆ ವಿಚಾರಿಸಿದರೆ ಎಷ್ಟೋ ಕೂಲಿ ಉಳಿಯುತ್ತದೆ.

ತದ್ವಿರುದ್ಧದ ತಪ್ಪು ಇದಕ್ಕಿಂತ ದುಬಾರಿ. ಹಿತ್ತಾಳೆಗೆ ಹೆದರಿ ಹೈಪಾಯ್ಡ್ ಹೌಸಿಂಗಿಗೂ ಜಿಎಲ್-4 ಸುರಿದರೆ, ಭಾರ ಹೊತ್ತು ಏರು ಹತ್ತುವಾಗ ಕ್ರೌನ್ ಹಲ್ಲಿನ ಮುಖ ಕಿತ್ತುಬರುತ್ತದೆ. ಗೇರ್‌ಬಾಕ್ಸಿನ ರಿಂಗು ಸವೆಯಲು ವರ್ಷಗಳು ಬೇಕು, ಕ್ರೌನಿಗೆ ಅಷ್ಟು ತಾಳ್ಮೆ ಇಲ್ಲ. ಎರಡೇ ಡಬ್ಬಿಗಳಲ್ಲಿ ಒಂದನ್ನು ಅದಲುಬದಲು ಮಾಡಲೇಬೇಕಾದ ಇಕ್ಕಟ್ಟು ಬಂದರೆ ಹೌಸಿಂಗಿಗೆ ಜಿಎಲ್-5 ತಪ್ಪಿಸಬಾರದು.

ಹಾಗಾದರೆ 90 ಏನು ಹೇಳುತ್ತದೆ? ಮಂದವನ್ನು ಮಾತ್ರ. ಅದೂ ಗೇರ್ ಎಣ್ಣೆಯದೇ ಅಳತೆಗೋಲಿನಲ್ಲಿ. ಎಂಜಿನ್ ಆಯಿಲಿನ ಅಂಕಿಗೂ ಇದಕ್ಕೂ ಸಂಬಂಧವಿಲ್ಲ. ಗೇರಿನ 90 ಎಂಜಿನ್ನಿನ 40, 50ರಷ್ಟೇ ಮಂದ. 80ಡಬ್ಲ್ಯು-90, 75ಡಬ್ಲ್ಯು-90 ಎಂಬಲ್ಲಿ ಮೊದಲ ಅಂಕಿ ಚಳಿಗೆ ಸೇರಿದ್ದು. 75ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಮಂಚೇನಹಳ್ಳಿಗೆ ಅದರ ಗೊಡವೆ ಬೇಡವೆನ್ನಿಸಿದರೂ, ಕೈಪಿಡಿಯಲ್ಲಿ 75ಡಬ್ಲ್ಯು ಎಂದು ಬರೆದಿದ್ದರೆ ಅದಕ್ಕೆ ಕಾರಣವಿರುತ್ತದೆ: ತಣ್ಣಗಿರುವಾಗಲೂ ಅದು ಸಲೀಸಾಗಿ ಹರಿಯುವುದರಿಂದ ಮುಂಜಾನೆಯ ಮೊದಲ ಕಿಲೋಮೀಟರಿನಲ್ಲೇ ಗೇರು ಹಗುರಾಗಿ ಬೀಳುತ್ತದೆ.

‘ಒನ್ ಫಾರ್ಟಿ’ಯದು ಬೇರೆಯೇ ಅಧ್ಯಾಯ. ಲಾರಿ, ಟ್ರ್ಯಾಕ್ಟರುಗಳಲ್ಲಿ ಅದಕ್ಕೆ ಸರಿಯಾದ ಜಾಗವಿದೆ. ಆದರೆ ಸವೆದ ಕ್ರೌನಿನ ಕೂಗು ಅಡಗಿಸಿ ಹಳೆ ಗಾಡಿಯನ್ನು ದಾಟಿಸಲು ಬಳಸುವವರೂ ಇದ್ದಾರೆ. ಎಣ್ಣೆ ತಣ್ಣಗಿದ್ದಾಗ ಸದ್ದು ತಗ್ಗಿರುತ್ತದೆ. ಅರ್ಧ ಗಂಟೆ ಓಡಿಸಿ ಹೌಸಿಂಗು ಕೈಗೆ ಬಿಸಿ ತಾಗಿದ ಮೇಲೆ ಕೇಳಿದರೆ ನಿಜ ಹೊರಬೀಳುತ್ತದೆ. ಹೌಸಿಂಗಿಗೆ ಮರದ ಪುಡಿ, ಬಾಳೆಹಣ್ಣು ತುಂಬಿ ಮಾರಿದರೆಂಬ ಕಥೆಗಳು ಜಗತ್ತಿನ ಎಲ್ಲ ದಲ್ಲಾಳಿಗಳ ಸುತ್ತಲೂ ಓಡಾಡುತ್ತವೆ, ಇಲ್ಲೂ ಕೇಳಿಬರುತ್ತವೆ.

ಹಳೆ ಗಾಡಿಗಳ ಪ್ರಶ್ನೆ ಈ ಸೀಮೆಯಲ್ಲಿ ಜೋರಾದದ್ದು 2000ದ ಈಚೆಗೆ. 1994ರಲ್ಲಿ ಸುಮೋ, 1998ರಲ್ಲಿ ಸಫಾರಿ, 2000ದಲ್ಲಿ ಬೊಲೆರೋ, 2002ರಲ್ಲಿ ಸ್ಕಾರ್ಪಿಯೋ ಬಂದವು. ಬಿಡದಿಯಲ್ಲಿ 2005ರವರೆಗೆ ತಯಾರಾದ ಕ್ವಾಲಿಸ್ ಬೆಂಗಳೂರಿನ ಕಾಲ್ ಸೆಂಟರುಗಳ ರಾತ್ರಿಪಾಳಿ ದುಡಿದು, ಬಣ್ಣ ಮಾಸಿದ ಮೇಲೆ ಸುತ್ತಲ ಜಿಲ್ಲೆಗಳ ಮನೆ ಸೇರಿತು. 2015ರಲ್ಲಿ ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ತಡೆ ಬಿದ್ದ ಮೇಲೆ ಉತ್ತರದ ಗಾಡಿಗಳೂ ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಹರಿದವು. ಇವುಗಳ ಜೊತೆ ಸೀಟಿನ ಕವರು ಬರುತ್ತದೆ, ಸ್ಟೆಪ್ನಿ ಬರುತ್ತದೆ. ಕೈಪಿಡಿ ಮಾತ್ರ ಬರುವುದಿಲ್ಲ. ಹಿಂದಿನ ಮಾಲೀಕ ಯಾವ ಎಣ್ಣೆ ಹಾಕಿಸಿದ್ದ ಎಂಬ ಚರಿತ್ರೆಯೂ ಬರುವುದಿಲ್ಲ.

ಇದರಲ್ಲೊಂದು ವಿಪರ್ಯಾಸವೂ ಇದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ 2002ರಲ್ಲಿ ಆಕ್ಸಲ್, ಪ್ರೊಪೆಲ್ಲರ್ ಶಾಫ್ಟುಗಳಿಂದ ಆರಂಭಿಸಿ, 2004ರಿಂದ ಗೇರ್‌ಬಾಕ್ಸುಗಳನ್ನು ಮಾಡಿ ಹೊರದೇಶಗಳಿಗೂ ಕಳಿಸುತ್ತಿದೆ. ಗೇರ್‌ಬಾಕ್ಸು ನೂರು ಕಿಲೋಮೀಟರ್ ಆಚೆ ತಯಾರಾಗುತ್ತದೆ, ಅದಕ್ಕೆ ಯಾವ ಎಣ್ಣೆ ಎಂಬ ತಿಳಿವಳಿಕೆ ಮಾತ್ರ ಆ ನೂರು ಕಿಲೋಮೀಟರ್ ಬರಲು ಏದುಸಿರು ಬಿಡುತ್ತದೆ. ಕೆಲವು ಗೇರ್‌ಬಾಕ್ಸುಗಳಿಗೆ ಜಿಎಲ್-4, ಜಿಎಲ್-5 ಎರಡೂ ಆದೀತು ಎಂದು ತಯಾರಕರೇ ಹೇಳುತ್ತಾರೆ, ಕೆಲವಕ್ಕೆ ಜಿಎಲ್-4 ಬಿಟ್ಟರೆ ಬೇರೆ ಕೂಡದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದರ ಪ್ಲೇಟುಗಳು ತಡವರಿಸದಂತೆ ಪ್ರತ್ಯೇಕ ಸಂಯುಕ್ತ ಬೆರೆತ ಎಣ್ಣೆ ಬೇಕು. ಆಯಾ ಮಾಡೆಲಿನ ಕೈಪಿಡಿ ನೋಡದೆ ಇದನ್ನು ಊಹಿಸಲು ಬರುವುದಿಲ್ಲ.

ಆಟೋಮ್ಯಾಟಿಕ್ ಗಾಡಿಗೆ ನೈಂಟಿ ಎಂಬ ಮಾತೇ ಸುಳಿಯಬಾರದು. ಅದರ ಕೆಂಪು ಎಣ್ಣೆ ಕ್ಲಚ್ ಹಿಡಿಯಬೇಕು, ಒತ್ತಡ ಸಾಗಿಸಬೇಕು, ಬಿಸಿ ಇಳಿಸಬೇಕು. ಜನರಲ್ ಮೋಟರ್ಸ್ 1949ರಲ್ಲಿ ಇದಕ್ಕೆ ಮೊದಲ ಮಾನಕ ಬರೆದಾಗ ಒಳಗೆ ಸೇರುತ್ತಿದ್ದ ಒಂದು ಪದಾರ್ಥ ಸ್ಪರ್ಮ್ ತಿಮಿಂಗಿಲದ ಎಣ್ಣೆ. 1970ರ ದಶಕದ ಆರಂಭದಲ್ಲಿ ಅಮೆರಿಕ ತಿಮಿಂಗಿಲದ ಎಣ್ಣೆಯನ್ನು ನಿಷೇಧಿಸಿದಾಗ ಕಂಪನಿಗಳು ಬದಲಿ ಹುಡುಕಲು ಪರದಾಡಿದವು.

ಮಂಚೇನಹಳ್ಳಿಯ ಕಡೆಯ ಶೆಡ್ಡುಗಳಲ್ಲಿ ಬಲ್ಲ ಕೈ ಈ ಕೆಲಸಕ್ಕೆ ಇಳಿಯುವ ಕ್ರಮ ನೋಡುವಂಥದ್ದು. ಗಾಡಿಯನ್ನು ಒಂದು ಸುತ್ತು ಓಡಿಸಿ ಎಣ್ಣೆ ಬಿಸಿ ಮಾಡಿಕೊಂಡು ಬರುತ್ತಾನೆ. ಮೊದಲು ಬಿಚ್ಚುವುದು ಮೇಲಿನ, ಎಣ್ಣೆ ತುಂಬುವ ನಟ್ಟನ್ನು. ಹಳೆ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನಿಂದ ಎಣ್ಣೆ ಖಾಲಿ ಮಾಡಿದ ಮೇಲೆ ತುಂಬಲು ದಾರಿ ಇಲ್ಲದೆ ಗಾಡಿ ಅಲ್ಲೇ ನಿಲ್ಲುತ್ತದೆ. ಅದು ಬಿಚ್ಚಿದ ಮೇಲಷ್ಟೇ ಕೆಳಗಿನ ಡ್ರೈನ್ ನಟ್ಟಿಗೆ ಸ್ಪ್ಯಾನರ್ ಹೋಗುತ್ತದೆ. ಇಳಿದ ಎಣ್ಣೆ ಹಾಲು ಬೆರೆತಂತಿದ್ದರೆ ಕೆರೆಯ ಕೋಡಿಯಲ್ಲೋ ಹಳ್ಳದಲ್ಲೋ ಬ್ರೀದರ್ ಮೂಲಕ ನೀರು ನುಗ್ಗಿದೆ. ಡ್ರೈನ್ ನಟ್ಟಿನ ಆಯಸ್ಕಾಂತಕ್ಕೆ ಹತ್ತಿದ ಕಪ್ಪು ಲೇಪವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಾನೆ. ನುಣ್ಣಗಿದ್ದರೆ ವಯಸ್ಸಿನ ಸವೆತ, ಚೂರು ಚುಚ್ಚಿದರೆ ಹಲ್ಲೋ ಬೇರಿಂಗೋ ಮುರಿಯುತ್ತಿದೆ.

ಗೇರ್‌ಬಾಕ್ಸಿನ ಎಣ್ಣೆಯನ್ನು ಅವನು ಹಳೆ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡುತ್ತಾನೆ. ಹಿತ್ತಾಳೆ ಆಯಸ್ಕಾಂತಕ್ಕೆ ಅಂಟದು, ಎಣ್ಣೆಯಲ್ಲೇ ತೇಲುತ್ತದೆ. ತಟ್ಟೆಯಲ್ಲಿ ಹಳದಿ ಮಿನುಗು ಕಂಡರೆ ಹೊಸ ಎಣ್ಣೆಯ ಡಬ್ಬಿ ಬಿಚ್ಚುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಫೋನ್ ಹೋಗುತ್ತದೆ: ಮಾಡೆಲ್ ಯಾವುದು, ಇಸವಿ ಯಾವುದು, ಸಿಂಕ್ರೋ ರಿಂಗ್ ಸೆಟ್ ಒರಿಜಿನಲ್ ಇದೆಯೋ ಇಲ್ಲವೋ. ಇದ್ದರೆ ಸಂಜೆಯ ಬಸ್ಸಿಗೆ ಪಾರ್ಸೆಲ್ ಹಾಕಿಸುವುದು, ಜೊತೆಗೆ ಎರಡು ಲೀಟರ್ ಜಿಎಲ್-4.